ಹೊಸ ಸೀರೆ ಬೇಡ ಅಂದ ವರ್ಷ

ಹೊಸ ಸೀರೆಯ ವಾಸನೆ ಬಂದರೆ ಎಲ್ಲರಿಗೂ ಹಬ್ಬ ನೆನಪಾಗುತ್ತದೆ. ನನಗೆ ಮಚ್ಚು ನೆನಪಾಗುತ್ತದೆ.

ಮೊನ್ನೆ ಹಾಸನದ ಜವಳಿ ಅಂಗಡಿಯೊಂದರಲ್ಲಿ ಕೂತಿದ್ದೆ. ಹೊರಗೆ ಮಳೆ ಬಡಿಯುತ್ತಿತ್ತು. ಅಂಗಡಿಯ ಹುಡುಗಿ ಒಂದೊಂದೇ ಸೀರೆ ಬಿಚ್ಚಿ ಹಾಸುತ್ತಿದ್ದಳು. ಗಂಜಿ, ಬಣ್ಣ, ಪ್ಲಾಸ್ಟಿಕ್ ಕವರು ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಡಿದ ಕೂಡಲೇ ನನ್ನ ನಾಲಿಗೆ ತಾನಾಗಿ ಮುಂದಿನ ಹಲ್ಲಿನ ಖಾಲಿ ಜಾಗಕ್ಕೆ ಹೋಯಿತು. ಯಜಮಾನರು ಗಲ್ಲಾ ಬಿಟ್ಟು ಎದ್ದು ಬಂದರು.

"ಏನ್ ಸರೋಜಕ್ಕ, ಹೊಸ ಬಟ್ಟೆ ಕೊಳ್ಳಬೇಡಿ ಅಂತ ನಮ್ಮಂಗಡಿ ಮುಂದೇನೇ ಮೈಕ್ ಇಟ್ಕೊಂಡು ಕೂಗಿದೋರು ನೀವೇ ಅಲ್ವಾ? ಈಗ ನೋಡಿದ್ರೆ ವರ್ಷಾ ವರ್ಷಾ ಬಂದು ಕೂರ್ತೀರ?"

"ಕೂಗಿದ್ದು ನಾನೇ. ಈಗಲೂ ಕೂಗ್ತೀನಿ. ಆ ಹಸಿರಂಚಿನದು ತೆಗೀರಿ."

ಅವರು ನಕ್ಕರು. ಅವರಿಗೆ ಅದನ್ನೆಲ್ಲ ವಿವರಿಸುವ ತಾಳ್ಮೆ ನನಗಿರಲಿಲ್ಲ. ತಾಳ್ಮೆ ಯಾವತ್ತೂ ನನ್ನ ಆಸ್ತಿಯಲ್ಲ. ಇಲ್ಲಿ ಬರೆದಿಡುತ್ತೇನೆ.

ನನ್ನದು ಹೊಳೆನರಸೀಪುರದ ಪೇಟೆಬೀದಿಯಲ್ಲಿ ಒಂದು ಟೈಲರಿಂಗ್ ಅಂಗಡಿ. ಅದಕ್ಕೂ ಮೊದಲು ಹಾಸನದ ಗಾರ್ಮೆಂಟ್ಸ್ ಒಂದರಲ್ಲಿ ದುಡಿದವಳು. ದಿನವೆಲ್ಲ ಕಾಲರು ಹೊಲಿಯುವುದು, ಸಂಜೆ ಹಿಂದಿನ ಗೇಟಿನಿಂದ ಲಾರಿ ಲಾರಿ ಚಿಂದಿ ಹೋಗುವುದನ್ನು ನೋಡುವುದು. ಪಕ್ಕದ ಮಿಷನ್ನಿನಲ್ಲಿ ಸುಮ ಎನ್ನುವ ಹುಡುಗಿ ಕೂರುತ್ತಿದ್ದಳು, ಚನ್ನರಾಯಪಟ್ಟಣದ ಕಡೆ ಬಾಗೂರಿನವಳು. ಒಂದು ದಿನ ಸೂಪರ್‌ವೈಸರ್ ಅವಳ ತಲೆಗೆ ಮೊಟಕಿದ. ನಾನು ಎದ್ದು ಹೋಗಿ ಅವನ ಕೈಯನ್ನು ನನ್ನ ಮಿಷನ್ನಿನ ಸೂಜಿಯ ಕೆಳಗೆ ಒತ್ತಿ ಹಿಡಿದು ಪೆಡಲ್ ಮೇಲೆ ಕಾಲಿಟ್ಟೆ. ತುಳಿಯಲಿಲ್ಲ. ತುಳಿಯುತ್ತೇನೆ ಅಂತ ಅವನಿಗೆ ಗೊತ್ತಾದರೆ ಸಾಕಿತ್ತು. ಆವತ್ತೇ ನನ್ನ ಕೆಲಸ ಹೋಯಿತು. ಸುಮ ಆವತ್ತಿನಿಂದ ನನ್ನನ್ನು ಅಕ್ಕ ಎಂದಳು. ಮುಂದೆ ಅವಳನ್ನು ಅರಕಲಗೂಡು ತಾಲ್ಲೂಕಿಗೆ, ಕೊಣನೂರು ಹತ್ತಿರದ ಒಂದು ಹಳ್ಳಿಗೆ ಕೊಟ್ಟರು. ಗಂಡ ಲೋಕೇಶ, ಹೊಗೆಸೊಪ್ಪು ಬೆಳೆಯುವವನು.

ಮೂರು ಮಳೆಗಾಲದ ಹಿಂದೆ ಆಷಾಢದಲ್ಲಿ ಹೇಮಾವತಿ ಕಟ್ಟೆ ತುಂಬಿ ನೀರು ಬಿಟ್ಟಿದ್ದರು. ನಮ್ಮೂರ ಹೊಳೆ ಕೆಂಪಗೆ ಕುದಿಯುತ್ತಾ ಓಡುತ್ತಿತ್ತು. ಸೇತುವೆಯ ಬಳಿ ಜನ ಸೇರಿದ್ದು ಕಂಡು ನಾನೂ ಓಡಿದೆ. ಒಂದು ಕರು ಕಂಬಕ್ಕೆ ಸಿಕ್ಕಿಕೊಂಡು ನೀರಿನಲ್ಲಿ ಏಳುತ್ತಾ ಮುಳುಗುತ್ತಾ ಒದ್ದಾಡುತ್ತಿತ್ತು. ಅದರ ಕುತ್ತಿಗೆಗೆ ಯಾರೋ ಹೊಳೆಗೆ ಬಿಟ್ಟ ಸೀರೆ ಸುತ್ತಿಕೊಂಡಿತ್ತು. ದೋಷ ಕಳೆಯಲಿ ಎಂದು ಸ್ನಾನ ಮಾಡಿ ಉಟ್ಟ ಬಟ್ಟೆಯನ್ನು ನೀರಿಗೆ ಬಿಡುತ್ತಾರಲ್ಲ, ಅಂಥದ್ದು. ಕರುವಿನ ಒಡತಿ ಎದೆ ಬಡಿದುಕೊಂಡು ಅರಚುತ್ತಿದ್ದಳು. ಹಗ್ಗ ಹಾಕಿ ಎಳೆದೆವು. ಎಳೆದಷ್ಟೂ ಸೀರೆ ಬಿಗಿಯಿತು. ಹತ್ತಿಯದಾಗಿದ್ದರೆ ಹರಿಯುತ್ತಿತ್ತು. ಅದು ಪಾಲಿಯೆಸ್ಟರ್. ಕೊಳೆಯುವುದಿಲ್ಲ, ಹರಿಯುವುದಿಲ್ಲ, ಸಾಯುವುದಿಲ್ಲ. ನಮ್ಮ ಕಣ್ಣೆದುರಿಗೆ ಕರುವಿನ ನಾಲಿಗೆ ಹೊರಬಂತು. ದಡಕ್ಕೆ ತಂದಾಗ ಉಸಿರಿರಲಿಲ್ಲ. ಅಂಗಡಿಯ ದೊಡ್ಡ ಕತ್ತರಿ ತಂದು ಆ ಸೀರೆಯನ್ನು ನಾನೇ ಕತ್ತರಿಸಿದೆ.

ಅಲ್ಲಿಂದ ಶುರುವಾಯಿತು. ಚನ್ನರಾಯಪಟ್ಟಣದಲ್ಲಿ ನಾಗರತ್ನ ಮೇಡಂ ಇದ್ದರು, ನಿವೃತ್ತ ಶಿಕ್ಷಕಿ. ಬೆಳ್ಳನೆ ಸೀರೆ, ಕೈಯಲ್ಲಿ ಸದಾ ಒಂದು ಕರಿ ಕೊಡೆ, ಇರುವೆಗೂ 'ದಾರಿ ಬಿಡಮ್ಮ' ಎನ್ನುವ ಸ್ವಭಾವ. ನಾನು ಕೂಗಿದ್ದನ್ನು ಅವರು ಕನ್ನಡ ಮಾಡಿ ಹೇಳುವರು. ನಮ್ಮ ಗುಂಪಿಗೆ 'ಇರೋದ್ನೇ ಉಡೋಣ' ಎಂದು ಹೆಸರಿಟ್ಟೆವು. ಬರುವ ಯುಗಾದಿಯವರೆಗೆ ಹೊಸ ಬಟ್ಟೆ ಕೊಳ್ಳುವುದಿಲ್ಲ, ಹರಿದದ್ದು ಹೊಲಿಯುವುದು, ಬೇಜಾರಾದದ್ದು ಬದಲಾಯಿಸಿಕೊಳ್ಳುವುದು. ಹಳೇ ಪಂಚೆಯ ಮೇಲೆ ಬಣ್ಣದಲ್ಲಿ ಬರೆದು ಬ್ಯಾನರು ಮಾಡಿದೆವು. ಶ್ರಾವಣ ಮುಗಿಯುವಷ್ಟರಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ಕಡೆ ಬಟ್ಟೆ ಬದಲಾವಣೆಯ ದಿನ ನಡೆಸುವಷ್ಟು ಹೆಂಗಸರಾದರು. ಕೊಣನೂರು ಕಡೆಯವರನ್ನು ಕಟ್ಟಿಕೊಂಡು ಬಂದವಳು ಸುಮ.

ಶಾಂತಿಯಿಂದ ನಡೆಯಿತು ಅಂದುಕೊಳ್ಳಬೇಡಿ. ಚನ್ನರಾಯಪಟ್ಟಣದ ಮೊದಲ ದಿನವೇ ಒಂದು ಸಾಸಿವೆ ಬಣ್ಣದ ರೇಷ್ಮೆ ಸೀರೆಗೆ ಇಬ್ಬರು ಜುಟ್ಟು ಜುಟ್ಟು ಹಿಡಿದರು. ಒಬ್ಬಳು ಇನ್ನೊಬ್ಬಳ ಮುಂಗೈ ಕಚ್ಚಿದಳು. ಸೀರೆ ಸೆರಗಿನ ಹತ್ತಿರ ಪರ್ ಎಂದು ಎರಡಾಯಿತು. ನಾಗರತ್ನ ಮೇಡಂ ಕೊಡೆಯಿಂದ ಮೇಜು ಕುಟ್ಟಿ, "ಅಮ್ಮಾ, ಇದು ಪರಿಸರದ ಕೆಲಸ ಕಣ್ರಮ್ಮಾ" ಎಂದು ಬೇಡಿಕೊಂಡರು. ಕಚ್ಚಿಸಿಕೊಂಡವಳು "ಪರಿಸರ ಆಮೇಲೆ, ಮೊದಲು ಇವ್ಳ ಹಲ್ಲು ಉದುರಿಸ್ತೀನಿ" ಎಂದಳು. ಇನ್ನೊಂದು ದಿನ ನನ್ನ ಅಂಗಡಿಯ ಗಾಜಿಗೆ ಕಲ್ಲು ಬಿತ್ತು. ಯಾರು ಹೊಡೆದರೋ ಇವತ್ತಿಗೂ ಗೊತ್ತಿಲ್ಲ. ನಾನು ಬೀದಿಯ ಮಧ್ಯೆ ನಿಂತು ಹೊಡೆದವನ ಏಳು ತಲೆಮಾರನ್ನು ಎಬ್ಬಿಸಿ ಕೂರಿಸಿ ಬೈದೆ. ನಿಜ ಹೇಳಬೇಕೆಂದರೆ ಆ ಜಗಳಗಳು ನನಗೆ ಹಬ್ಬದ ಹಾಗಿದ್ದವು.

ಭಾದ್ರಪದ ಹತ್ತಿರ ಬಂತು. ಅರಕಲಗೂಡಿನ ಒಂದು ತಗಡಿನ ಛಾವಣಿಯ ಹಾಲಿನಲ್ಲಿ ಸಭೆ. ಮಳೆ ತಗಡಿನ ಮೇಲೆ ಕುಟ್ಟುತ್ತಿದ್ದುದರಿಂದ ಎಲ್ಲರೂ ಅರಚಿಯೇ ಮಾತಾಡಬೇಕಿತ್ತು. ಒಬ್ಬ ಹೆಂಗಸು ಎದ್ದು ಕೇಳಿದಳು: "ಅಲ್ಲಾ ಸರೋಜಕ್ಕ, ಗೌರಿ ಅಬ್ಬಕ್ಕೆ ತವರೋರು ಸೀರೆ ತತ್ತಾರಲ್ಲ, ಅದ್ಕೇನ್ ಮಾಡದು?"

ನಮ್ಮ ಕಡೆ ಗೌರಿ ಹಬ್ಬಕ್ಕೆ ತವರಿನವರು ಮಗಳಿಗೆ ಸೀರೆ, ಬಳೆ, ಮೊರದ ಬಾಗಿನ ತಂದುಕೊಡದಿದ್ದರೆ ಆಗುವುದಿಲ್ಲ. ಅಪ್ಪ ಅಮ್ಮ ಇಲ್ಲದಿದ್ದರೆ ಅಣ್ಣ ತಮ್ಮ ತರಬೇಕು. ನಾನು ಮೈಕಿಲ್ಲದೆಯೇ ಕೂಗಿದೆ: "ತವರಿಂದ ಹೊಸ ಸೀರೆನೇ ಯಾಕಮ್ಮ ಬೇಕು? ನಿಮ್ಮಮ್ಮ ಉಟ್ಟಿದ್ದು ಒಂದು ಹಳೇ ಸೀರೆ ಸಾಕಾಗಲ್ವಾ? ಅದಕ್ಕಿಂತ ತವರು ಯಾವುದೈತೆ?"

ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಸುಮ ಮಾತ್ರ ತಟ್ಟಲಿಲ್ಲ. ಅವಳ ಪಕ್ಕದಲ್ಲಿ ಅತ್ತೆ ಕೆಂಪಮ್ಮ ಕೂತಿದ್ದರು. ಸುಮ ಅರ್ಧ ಎದ್ದು ನಿಂತಳು.

"ಅಕ್ಕಾ, ಗೌರಿ ಸೀರೆ ಒಂದ್ನ ಬುಟ್ಬುಡಿ. ಅದು ಬಟ್ಟೆ ಲೆಕ್ಕ ಅಲ್ಲ."

"ಮತ್ತೆ ಯಾವ ಲೆಕ್ಕ? ಹೇಳು."

ಅವಳು ಅತ್ತೆಯ ಕಡೆ ನೋಡಿದಳು. "ಏನೂ ಇಲ್ಲ ಬುಡಕ್ಕ" ಎಂದು ಕೂತಳು. ಕೈ ಎತ್ತಿಸಿದೆವು. ಗೌರಿಗೂ ಹೊಸ ಸೀರೆ ಬೇಡ ಎಂದು ತೀರ್ಮಾನವಾಯಿತು.

ಸುಮಳ ಅಣ್ಣ ಮಂಜಣ್ಣ ಬಾಗೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು. ಈ ಸುದ್ದಿ ಅವನ ಕಿವಿಗೆ ಬಿದ್ದಾಗ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎನ್ನುವ ಹಾಗಾಯಿತು. ಹಬ್ಬಕ್ಕೆ ಮೊದಲು ನನ್ನ ಅಂಗಡಿಗೆ ತೀರಿಹೋದ ತಾಯಿಯ ಸೀರೆ ತಂದ. ನೇರಳೆ ಬಣ್ಣದ ಕೈಮಗ್ಗದ ಸೀರೆ, ಅಂಚು ಪಿಸಿದಿತ್ತು. ನಾನು ಅದಕ್ಕೆ ಎಳೆ ಎಳೆ ಕೂಡಿಸಿ ರಫೂ ಮಾಡಿದೆ. ಅಷ್ಟು ಚೆನ್ನಾಗಿ ಯಾವ ಮದುವೆ ರವಿಕೆಯನ್ನೂ ಹೊಲಿದಿರಲಿಲ್ಲ.

"ಕೊಬ್ರಿ ಸುಲ್ಸೋ ಕೆಲ್ಸ ಐತೆ ಕಣಕ್ಕ, ಈ ವರ್ಸ ನಾನು ಓಗಕಾಗಲ್ಲ. ಕೊಣನೂರು ಬಸ್ಸಲ್ಲಿ ಕಂಡಕ್ಟರ್ ಕೈಲಿ ಕಳುಸ್ಬುಡ್ತೀನಿ" ಎಂದ.

"ಕಳಿಸು, ಪೆಟ್ರೋಲ್ ಆದರೂ ಉಳೀತು" ಎಂದು ನಾನು ನಕ್ಕೆ.

ಗಣೇಶನ ದಿನ ಬೆಳಿಗ್ಗೆ ಸುಮಳ ಪಕ್ಕದ ಮನೆಯ ಗಿರಿಜ ಫೋನು ಮಾಡಿದಳು. "ಸರೋಜಕ್ಕಾ, ಬೇಗ ಅರಕಲಗೂಡು ಆಸ್ಪತ್ರೆಗೆ ಬನ್ನಿ. ಸುಮನ್ನ ಕೆಡವ್ಬುಟ್ಟವ್ನೆ."

ಗಿರಿಜಳಿಂದ, ಆಮೇಲೆ ಸುಮಳಿಂದ ಗೊತ್ತಾದದ್ದು ಇಷ್ಟು. ಗೌರಿ ದಿನ ಲೋಕೇಶ ಕೊಣನೂರು ಬಸ್‌ಸ್ಟ್ಯಾಂಡಿಗೆ ಹೋಗಿ ಕಂಡಕ್ಟರ್ ಕೈಯಿಂದ ಕವರು ಇಸಿದುಕೊಂಡ. ಟೀ ಅಂಗಡಿಯಲ್ಲಿದ್ದವರು "ಏನ್ಲಾ ಲೋಕೇಸ, ಈ ಸಲ ನಿಮ್ ಭಾವ ಬರ್ನಿಲ್ವಾ? ಬಸ್ಸಲ್ಲಿ ಬಂತಾ ಬಾಗಿನ?" ಎಂದು ರೇಗಿಸಿದರು. ಮನೆಗೆ ಬಂದು ಕವರು ಹರಿದು ನೋಡಿದ. ಹಳೇ ಸೀರೆ. ಆ ಕಾಲದಲ್ಲಿ ಅರಕಲಗೂಡು ಸೀಮೆಯಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳೆಲ್ಲ ಹಗಲೂ ಇರುಳೂ ಉರಿಯುತ್ತಿರುತ್ತವೆ. ಅವನು ಸೀರೆಯನ್ನು ಬ್ಯಾರನ್ನಿನ ಒಲೆಗೆ ತುರುಕಿದ. ಸುಮ ಅದನ್ನು ಎಳೆದುಕೊಳ್ಳಲು ಒಲೆಯ ಬಾಯಿಗೆ ಕೈ ಹಾಕಿದಳು. ಅವನು ಸೌದೆಯ ಕೊರಡು ಎತ್ತಿ ಆ ಕೈಯ ಮೇಲೆ ಹೊಡೆದ. ಒಂದು ಸಲ ಅಲ್ಲ. ಆಮೇಲೆ ಮುಖಕ್ಕೂ ಹೊಡೆದ. ಗೌರಿಪೂಜೆಯ ದಾರ ಇನ್ನೂ ಮಣಿಕಟ್ಟಿನಲ್ಲೇ ಇತ್ತು.

ಆಸ್ಪತ್ರೆಯಲ್ಲಿ ಅವಳ ಬಲಗೈ ಮುರಿದು ಬಾವು ಬಂದಿತ್ತು, ಮುಖ ಗುರುತು ಸಿಗದ ಹಾಗೆ ಊದಿತ್ತು. ತುಟಿ ಸೀಳಿತ್ತು. ಮೊಣಕೈಯಿಂದ ಕೆಳಗೆ ಸುಟ್ಟ ಚರ್ಮ. ಡಾಕ್ಟರು ದಾರ ಕತ್ತರಿಸಿ ತೆಗೆದು ಪಟ್ಟಿ ಹಾಕಿದ್ದರು. ನಾನು ಮಂಚದ ಕಂಬಿ ಹಿಡಿದು ನಿಂತೆ. ಅವಳೇ ಮಾತಾಡಿದಳು.

"ಮೊದ್ಲಿಂದ್ಲೂ ಒಡೀತಿದ್ದ ಕಣಕ್ಕ. ಏಳ್ಕಂಡಿರ್ನಿಲ್ಲ ನಾನು. ಆದ್ರೆ ಗೌರಿ ಅಬ್ಬಕ್ಕೆ ಅಣ್ಣ ಬಂದು ಜಗುಲಿ ಮ್ಯಾಲೆ ಕುಂತು, ಉಂಡು, ನಾಕ್ ಜನದ ಮುಂದೆ ನನ್ನ ಮಾತಾಡ್ಸಿ ಓದ್ರೆ ದೀಪಾವಳಿಗಂಟ ಕೈ ಎತ್ತುತಿರ್ನಿಲ್ಲ. ಇವ್ಳಿಗೆ ಕೇಳೋರವ್ರೆ ಅಂತ ಇರದು ಅವ್ನಿಗೆ. ಸೀರೆ ತರೋ ನೆಪಕ್ಕೆ ತಾನೆ ಅಣ್ಣ ಬರ್ತಿದ್ದಿದ್ದು? ಈಗ ಬಸ್ಸಲ್ಲಿ ಬಂತು. ಕೇಳೋರಿಲ್ಲ ಅಂತ ಊರಿಗೇ ಗೊತ್ತಾಗೋಯ್ತು."

ಅದು ಬಟ್ಟೆ ಲೆಕ್ಕ ಅಲ್ಲ ಎಂದು ಅವಳು ಹೇಳಿದ್ದು ಇದನ್ನೇ. ಅತ್ತೆಯ ಪಕ್ಕದಲ್ಲಿ ಕೂತು ಇದಕ್ಕಿಂತ ಬಿಡಿಸಿ ಹೇಗೆ ಹೇಳುತ್ತಾಳೆ? ನಾವು ನೂರೆಂಟು ಬಟ್ಟೆ ತಿರುವಿ ಹಾಕಿದ ಜಾಣೆಯರು. ಯಾವ ಸೀರೆ ಹತ್ತಿ, ಯಾವುದು ಪಾಲಿಯೆಸ್ಟರ್ ಎಂದು ಕಣ್ಣು ಮುಚ್ಚಿ ಮುಟ್ಟಿ ಹೇಳುತ್ತಿದ್ದೆವು. ಯಾವ ಸೀರೆಯ ಹಿಂದೆ ಯಾರು ನಡೆದು ಬರುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ.

ಆಸ್ಪತ್ರೆಯಿಂದ ನೇರ ಬಾಗೂರಿಗೆ ಹೋದೆ. ನೆನೆದು ತೊಪ್ಪೆಯಾಗಿದ್ದೆ. ಮಂಜಣ್ಣ ಕೊಟ್ಟಿಗೆಯಲ್ಲಿ ಕೊಬ್ಬರಿ ಆರಿಸುತ್ತಿದ್ದ. ಏನಕ್ಕ ಇಷ್ಟೊತ್ನಲ್ಲಿ ಎನ್ನುವಷ್ಟರಲ್ಲಿ ಅವನ ಕೆನ್ನೆಗೆ ಬಾರಿಸಿದೆ. ಕೊಬ್ಬರಿ ರಾಶಿಯ ಮೇಲೆ ಬಿದ್ದ. ಅವನ ಹೆಂಡತಿ ಅರಚುತ್ತಾ ಓಡಿಬಂದಳು.

"ನಿನ್ ತಂಗಿ ಕೈ ಮುರಿದೌನೆ ಕಣೋ. ನೀನು ಇಲ್ಲಿ ಕಾಯಿ ಸುಲೀತಾ ಕೂತಿದ್ದೀಯ."

ಅವನು ಕೆನ್ನೆ ಹಿಡಿದುಕೊಂಡೇ ಎದ್ದ. "ನಂಗೇನ್ ಒಡೀತೀಯ? ಅಳೇ ಸೀರೆ ಸಾಕು ಅಂತ ಸಭೇಲಿ ಕೂಗ್ದೋಳು ನೀನಲ್ವಾ? ಬಸ್ಸಲ್ಲಿ ಕಳ್ಸು ಅಂದೋಳು ನೀನಲ್ವಾ?"

ಎರಡನೇ ಏಟಿಗೆ ಎತ್ತಿದ ಕೈ ಹಾಗೇ ನಿಂತಿತು. ಅವನು ಸುಳ್ಳು ಹೇಳಿರಲಿಲ್ಲ. "ಮನೆಗೆ ಕರ್ಕೊಂಡು ಬಾ ಅವಳನ್ನ" ಎಂದೆ. ಅವನು ಹೆಂಡತಿಯ ಮುಖ ನೋಡಿದ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನನ್ನ ಮನೆಗೇ ಬಾ ಎಂದು ಸುಮಳಿಗೆ ಹೇಳಿದೆ. ಅವಳು ಒಪ್ಪಲಿಲ್ಲ. "ಆ ವೊಲ ನಾನು ಉತ್ತಿವ್ನಿ, ಆ ಬ್ಯಾರನ್‌ಗೆ ವರ್ಸಾ ವರ್ಸಾ ನಾನು ಎಲೆ ಕಟ್ಟಿವ್ನಿ. ನಾನ್ಯಾಕೆ ಬುಟ್ಟೋಗ್ಲಿ? ನನ್ ಮನೆಗೆ ನಾನು ಓಗ್ತೀನಿ. ನೀವು ತವರೋರಾಗಿ ಬನ್ನಿ, ಬಾಗಿನ ತಗಂಡು ಬನ್ನಿ" ಎಂದಳು. ನಾಗರತ್ನ ಮೇಡಂ ಅವಳ ಎಡಗೈ ಹಿಡಿದುಕೊಂಡು, "ದೂರು ಕೊಡ್ತೀಯಾ ಮಗಳೇ?" ಎಂದರು. "ಕೊಡ್ತೀನಿ" ಎಂದಳು. ಕೊಟ್ಟಳು. ಆಮೇಲೆ ಹೊರಟೆವು.

ಗೂಡ್ಸ್ ಟೆಂಪೋಗೆ ಟಾರ್ಪಾಲು ಹೊದಿಸಿ ನಾಲ್ಕೂ ಊರಿನ ಹೆಂಗಸರು ತುಂಬಿಕೊಂಡೆವು. ಮಧ್ಯೆ ಬಾಗಿನದ ಮೊರ. ಪಕ್ಕದಲ್ಲಿ ಬದಲಾವಣೆಗೆ ಬಂದು ಉಳಿದ ಸೀರೆಗಳ ದೊಡ್ಡ ಗಂಟು. ಒಂದು ಸೀರೆ ಹೋದದ್ದಕ್ಕೆ ನೂರು ಸೀರೆ ಹೊತ್ತು ಹೋಗೋಣ ಎನ್ನುವ ಹಟ ನನ್ನದು. ಕಾವೇರಿಯ ಕಡೆಯಿಂದ ಗಾಳಿ ಅಡ್ಡಲಾಗಿ ಬಡಿಯುತ್ತಿತ್ತು. ಪೊಲೀಸರಿಗೆ ಮೇಡಂ ಮೊದಲೇ ಹೇಳಿದ್ದರು. ಅವರೂ ಹೊರಟಿದ್ದರು, ನಾವು ದಾಟಿದ ಮೇಲೆ ಹಳ್ಳ ಉಕ್ಕಿ ಸುತ್ತುದಾರಿಯಲ್ಲಿ ಬರಬೇಕಾಯಿತು. ಹಾಗಾಗಿ ನಾವೇ ಮುಂಚೆ ಮುಟ್ಟಿದೆವು.

ಲೋಕೇಶನ ಮನೆಯ ಪಕ್ಕದಲ್ಲೇ ಬ್ಯಾರನ್. ಅದರ ಮುಂದಿನ ಚಪ್ಪರದಡಿ ಊರಿನ ಏಳೆಂಟು ಹೆಂಗಸರು ಕೂತು ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಗಿರಿಜಳೂ ಇದ್ದಳು. ನಮ್ಮನ್ನು ನೋಡಿ ತಲೆ ತಗ್ಗಿಸಿದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹೇಳಿಕೊಂಡು ಇಷ್ಟು ವರ್ಷ ಆ ಮನೆಯ ಅರಚಾಟ ಕೇಳಿಸಿಕೊಂಡವರು ಅವರು. ಸುಮ ಕೈಯನ್ನು ಕುತ್ತಿಗೆಗೆ ತೂಗುಹಾಕಿಕೊಂಡು ಇಳಿದು, ಜಗುಲಿ ಹತ್ತಿ ಕೂತಳು. ನಾನು ಮೊರ ತಂದು ಅವಳ ಮುಂದಿಟ್ಟೆ.

ಲೋಕೇಶ ಒಲೆಯ ಮುಂದಿನಿಂದ ಎದ್ದು ಬಂದ. ಕೈಯಲ್ಲಿ ಸೌದೆ ಸೀಳುವ ಮಚ್ಚು. "ಯಾರ್ರೇ ಅದು? ಯಾರ್ನ ಕೇಳಿ ಜಗುಲಿ ಅತ್ತುದ್ರಿ?"

"ತವರೋರಪ್ಪ. ಗೌರಿ ಬಾಗಿನ ತಂದಿದ್ದೀವಿ."

"ಇವ್ಳಿಗೆ ತವ್ರಿಲ್ಲ. ಅಬ್ಬದ ದಿನಾನೇ ಸುಟ್ಟಾಕಿವ್ನಿ."

ಹಾಗೆಂದವನೇ ಮಚ್ಚು ಬೀಸಿ ಮೊರ ಹೊಡೆದ. ಮೊರ ಸೀಳಿ ಅಕ್ಕಿ, ಬಳೆ, ಅರಿಶಿನ ಕೆಸರಿನ ತನಕ ಚೆಲ್ಲಿದವು. ಎರಡನೇ ಸಲ ಎತ್ತಿದ್ದು ಸುಮಳ ಕಡೆಗೆ. ನಾನು ಕಿರುಚಿದೆ ಅಷ್ಟೇ. ಅಡ್ಡ ಬಂದವರು ನಾಗರತ್ನ ಮೇಡಂ. ಇರುವೆಗೆ ದಾರಿ ಬಿಡುವ ಆಯಮ್ಮ ಮುಚ್ಚಿದ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ಮಚ್ಚಿಗೆ ಒಡ್ಡಿದರು. ಕೊಡೆ ಮುರಿದು, ಏಟು ಜಾರಿ, ಅವರ ಮೊಣಕೈ ಕೆಳಗೆ ಇಳಿಯಿತು. ಬಿಳಿ ಸೀರೆಯ ಮೇಲೆ ರಕ್ತ ಚಿಮ್ಮಿತು. ನಾನು ಹಿಂದಿನಿಂದ ಅವನ ಕುತ್ತಿಗೆಗೆ ಜೋತುಬಿದ್ದು ಕಿವಿ ಕಚ್ಚಿದೆ. ಉಪ್ಪುಪ್ಪು ರಕ್ತ ಬಾಯಿಗೆ ಬಂತು. ಅವನು ಕೊಡವಿ ಎಸೆದ. ಜಗುಲಿಯ ಕಲ್ಲಿಗೆ ನನ್ನ ಬಾಯಿ ಬಡಿದು ಮುಂದಿನ ಹಲ್ಲು ಮುರಿಯಿತು. ಪೇಟೆಯಿಂದ ಹೋದ ನಾವು, ಬ್ಯಾನರು ಹಿಡಿದು ಘೋಷಣೆ ಕೂಗಿ ಅಭ್ಯಾಸವಿದ್ದವರು, ಕುರಿಮಂದೆಯ ಹಾಗೆ ಗೋಡೆಗೆ ಒತ್ತಿಕೊಂಡೆವು. ಅವನು ಮತ್ತೆ ಮಚ್ಚು ಎತ್ತಿದ.

ಆಗ ಎಲೆ ಕಟ್ಟುತ್ತಿದ್ದ ಚಪ್ಪರದಿಂದ ಗಿರಿಜ ಎದ್ದಳು. "ಸಾಕು ಕಣ್ಲಾ ಲೋಕೇಸ" ಎಂದಳು. ಕೂಗಲಿಲ್ಲ, ಮಾಮೂಲಿ ದನಿಯಲ್ಲೇ ಹೇಳಿದಳು. ಟೆಂಪೋದಿಂದ ಇಳಿಸಿದ್ದ ಗಂಟು ಬಿಚ್ಚಿ ಒಂದು ಸೀರೆ ಎಳೆದು ಹಿಂದಿನಿಂದ ಅವನ ತಲೆಯ ಮೇಲೆ ಎಸೆದಳು. ಕಣ್ಣು ಮುಚ್ಚಿದ್ದೇ ತಡ ಉಳಿದವರೂ ಎದ್ದುಬಂದರು. ಒಬ್ಬಳು ಮಚ್ಚಿನ ಕೈಗೆ ಸೀರೆ ಸುತ್ತಿ ಹಿಂದಕ್ಕೆ ಜಗ್ಗಿದಳು. ಇನ್ನೊಬ್ಬಳು ಮೊಣಕಾಲಿಗೆ ಹಾಕಿ ಎಳೆದಳು. ಅವನು ಬಿದ್ದ. ಸೀಸನ್ನು ಪೂರ್ತಿ ದಿನಕ್ಕೆ ಸಾವಿರ ಸಲ ಎಲೆಯ ಕಟ್ಟನ್ನು ಕಡ್ಡಿಗೆ ತಿರುವಿ ಬಿಗಿಯುವ ಕೈಗಳು ಅವು. ಅವನ ಮಣಿಕಟ್ಟು, ಮೊಣಕೈ, ಮಂಡಿ ಎಲ್ಲವನ್ನೂ ಹಾಗೇ ತಿರುವಿ ಬಿಗಿದವು. ಎಳೆದು ತಂದು ಜಗುಲಿಯ ಕಂಬಕ್ಕೆ ಕಟ್ಟಿದರು. ಅವನು ಬಾಯಿಗೆ ಬಂದದ್ದು ಬೈಯುತ್ತಾ ಎತ್ತಿನ ಹಾಗೆ ಜಗ್ಗಿದ. ಕಟ್ಟಿದ್ದು ಪಾಲಿಯೆಸ್ಟರ್ ಸೀರೆಗಳು. ಹರಿಯಲಿಲ್ಲ. ಆ ಹಾಳು ಬಟ್ಟೆಗೆ ನಾನು ಹುಟ್ಟಿದ ಮೇಲೆ ಒಂದೇ ಸಲ ಕೈ ಮುಗಿದದ್ದು.

ಆಮೇಲೆ ಕೆಲವರು ಅವನಿಗೆ ಹೊಡೆದರು. ನಾನೂ ಹೊಡೆದೆ. ಮುಚ್ಚಿಡುವುದು ಯಾಕೆ, ಕೈ ಸೋಲುವ ತನಕ ಹೊಡೆದೆ. ಸುಮ "ಸಾಕು ಬುಡಕ್ಕ" ಎಂದಾಗ ನಿಲ್ಲಿಸಿದೆ. ಅವಳು ಜಗುಲಿಯಿಂದ ಎದ್ದಿರಲೇ ಇಲ್ಲ. ಮೇಡಂ ತೋಳಿಗೆ ತನ್ನ ಸೆರಗನ್ನು ಒಂದೇ ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದಳು.

ಅಷ್ಟು ಹೊತ್ತೂ ಬಾಗಿಲ ಒಳಗೆ ನಿಂತಿದ್ದ ಅತ್ತೆ ಕೆಂಪಮ್ಮ ಒಳಕ್ಕೆ ಹೋದರು. ಈಗ ಇವರೇನು ತರುತ್ತಾರೋ ಎಂದು ನಾನು ಬಿದ್ದಿದ್ದ ಮಚ್ಚಿನ ಮೇಲೆ ಕಾಲಿಟ್ಟೆ. ಕೆಂಪಮ್ಮ ತಂದದ್ದು ಅರಿಶಿನ ಕುಂಕುಮದ ತಟ್ಟೆ. ಬಾಗಿನ ತಂದ ಮುತ್ತೈದೆಯರನ್ನು ಬರಿ ಹಣೆಯಲ್ಲಿ ಕಳಿಸಬಾರದಲ್ಲ. ಮಗ ಕಂಬದಲ್ಲಿ ಅರಚುತ್ತಿದ್ದಾನೆ, ತಾಯಿ ಒಬ್ಬೊಬ್ಬರಿಗೂ ಕುಂಕುಮ ಕೊಡುತ್ತಾ ಬರುತ್ತಿದ್ದಾರೆ. ನನ್ನ ಬಾಯಿಯ ರಕ್ತ ನೋಡಿ ಒಂದು ಗಳಿಗೆ ನಿಂತರು. ಗಂಡ ಸತ್ತು ಎಷ್ಟೋ ವರ್ಷವಾದ ನಾಗರತ್ನ ಮೇಡಂ ಕೈ ಅಡ್ಡ ಹಿಡಿದರು. ಕೆಂಪಮ್ಮ ಆ ಕೈ ಸರಿಸಿ ಅವರ ಹಣೆಗೂ ಇಟ್ಟರು. ನನಗೆ ಆಗ ಅಳು ಬಂತು. ಹಲ್ಲು ಮುರಿದಾಗ ಬಂದಿರಲಿಲ್ಲ.

"ನಂಗೂ ಇಂಗೇ ಒಡೀತಿದ್ರು ಇವ್ನಪ್ಪ" ಎಂದರು ಕೆಂಪಮ್ಮ, ಯಾರ ಮುಖವನ್ನೂ ನೋಡದೆ. "ನಮ್ ತವರೋರು ಬರದು ನಿಂತೋದ್ಮೇಲೆ. ಈ ಮನೆ ನನ್ ಎಸ್ರಲ್ಲೈತೆ. ಇವ್ಳು ನನ್ ಜತೆ ಇರ್ತಾಳೆ. ಅವ್ನು ಬಂದ್ರೂ ಬ್ಯಾರನ್ನಾಗೆ ಬಿದ್ದಿರ್ಲಿ."

ಪೊಲೀಸರು ಬಂದು ಅವನನ್ನು ಬಿಚ್ಚಿ ಕರೆದೊಯ್ದರು. ಗಂಟುಗಳನ್ನು ಬಿಚ್ಚಲಾಗದೆ ಕೊನೆಗೆ ಗಿರಿಜಳನ್ನೇ ಕರೆಯಬೇಕಾಯಿತು. ನಮ್ಮನ್ನೂ ಸ್ಟೇಷನ್ನಿಗೆ ಕರೆದು ಕೂರಿಸಿ ವಿಚಾರಿಸಿದರು, ಅದು ಅವರ ಕೆಲಸ. ಕೇಸು ಇನ್ನೂ ನಡೆಯುತ್ತಿದೆ. ಅವನು ಜಾಮೀನಿನ ಮೇಲೆ ಬಂದು ಬ್ಯಾರನ್ನಿನ ಪಕ್ಕದ ರೂಮಿನಲ್ಲಿದ್ದಾನೆ. ಸುಮಳ ಕೈ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿದೆ. ಎಲೆ ಕಟ್ಟುತ್ತಾಳೆ, ಮಿಷನ್ ತುಳಿಯುತ್ತಾಳೆ, ಭಾರ ಎತ್ತಲಾರಳು. ಮೇಡಂ ತೋಳಿನ ಮೇಲೆ ಉದ್ದನೆಯ ಗೆರೆಯಿದೆ. ಹೊಸ ಕೊಡೆ ಕೊಡಿಸುತ್ತೇನೆಂದರೆ ಬೇಡ ಎಂದು ಹಳೆಯದಕ್ಕೇ ಕಡ್ಡಿ ಹಾಕಿಸಿಕೊಂಡರು.

ಆ ವರ್ಷದ ಕೊನೆಯ ಸಭೆಯಲ್ಲಿ ಸುಮ ಪೂರ್ತಿ ಎದ್ದು ನಿಂತಳು. ಈ ಸಲವೂ ಪಕ್ಕದಲ್ಲಿ ಕೆಂಪಮ್ಮ ಇದ್ದರು. "ಮುನ್ನೂರರವತ್ನಾಕು ದಿನ ಅಳೇದೇ ಉಡ್ತೀನಿ, ತ್ಯಾಪೆ ಆಕ್ಕಂಡು ಉಡ್ತೀನಿ. ಗೌರಿ ಅಬ್ಬಕ್ಕೆ ಒಸ ಸೀರೆನೇ ಬೇಕು. ಬಸ್ಸಲ್ಲಿ ಕಳ್ಸಂಗಿಲ್ಲ. ತಂದು, ಜಗುಲಿ ಮ್ಯಾಲೆ ಕುಂತು, ಉಂಡು ಓಗ್ಬೇಕು" ಎಂದಳು. ಕೈ ಎತ್ತಿಸುವುದಕ್ಕೆ ಮುಂಚೆಯೇ ಕೈಗಳು ಎದ್ದಿದ್ದವು.

ಹಾಗಾಗಿ ಮೊನ್ನೆ ಹಾಸನದಲ್ಲಿ ಹಸಿರಂಚಿನ ಸೀರೆ ಕೊಂಡೆ. ಗೌರಿ ದಿನ ಟೆಂಪೋ ತುಂಬಿಕೊಂಡು ಹೋದೆವು. ಈಗ ಇಂಥ ಮನೆಗಳ ದಾರಿ ನಾಲ್ಕೂ ತಾಲ್ಲೂಕಿನಲ್ಲಿ ನಮಗೆ ಗೊತ್ತಿದೆ. ಹಬ್ಬಕ್ಕೆ ಮುಂಚಿನ ವಾರವೆಲ್ಲ ಜಗುಲಿಯಿಂದ ಜಗುಲಿಗೆ ಕೂರುವುದೇ ಕೆಲಸ. ಮಂಜಣ್ಣನೂ ಬೈಕಿನಲ್ಲಿ ಬಂದಿದ್ದ. ನಾನು ಕರೆದಿರಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕೆಂಪಮ್ಮ ಒಬ್ಬಟ್ಟು ಬಡಿಸಿದರು. ಸುಮ ಹೊಸ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಮುಖಕ್ಕೆ ಒತ್ತಿ ಮೂಸಿದಳು. ಹೋದ ವರ್ಷದ ಸೀರೆಯನ್ನು ಒಗೆದು ಮಡಿಸಿ ಇಟ್ಟಿದ್ದಳು, ಅದನ್ನು ನಮ್ಮ ಬದಲಾವಣೆಯ ಗಂಟಿಗೆ ಹಾಕಿದಳು.

ಲೋಕೇಶ ಬ್ಯಾರನ್ನಿನ ಒಲೆಗೆ ಸೌದೆ ಒಟ್ಟುತ್ತಾ ನಮ್ಮ ಕಡೆ ಬೆನ್ನು ಹಾಕಿ ಕೂತಿದ್ದ. ಅವನ ಕಿವಿಯಲ್ಲಿ ನನ್ನ ಹಲ್ಲಿನ ಗುರುತಿದೆ. ಅವನು ಬದಲಾಗಿದ್ದಾನೆ ಎಂದು ನಾನು ನಂಬುವುದಿಲ್ಲ. ಹೊರಡುವ ಹೊತ್ತಿಗೆ ಮಳೆ ಜೋರಾಯಿತು. ಟೆಂಪೋ ಹತ್ತುತ್ತಿದ್ದೆವು. ಸುಮ ಜಗುಲಿಯ ಅಂಚಿಗೆ ಬಂದು, ಆ ಕಂಬ ಹಿಡಿದು ನಿಂತು, ಬ್ಯಾರನ್ನಿನ ತನಕ ಕೇಳುವ ಹಾಗೆ ಕೂಗಿದಳು.

"ಅಕ್ಕಾ, ಮುಂದ್ಲ ವರ್ಸ ಯಾರ್ ಯಾರು ಬತ್ತೀರಾ?"

"ಎಲ್ಲಾರೂ ಬತ್ತೀವಿ ಕಣೇ" ಎಂದು ಟೆಂಪೋಗೆ ಟೆಂಪೋವೇ ಕೂಗಿತು.

ಒಲೆಯ ಮುಂದೆ ಅವನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಸೌದೆ ಒಟ್ಟಿದ.